ಬರೀ ಭೀಮಕ್ಕ

ಕೇಕಿನ ಮೇಲೆ ಏನು ಬರೆಯಬೇಕು ಎಂದು ಬೇಕರಿಯವನು ಫೋನಿನಲ್ಲಿ ಕೇಳಿದಾಗ ಹೆಡ್ ನರ್ಸ್ ಶಿವಲೀಲಾಳಿಗೆ ತಟ್ಟನೆ ಏನೂ ತೋಚಲಿಲ್ಲ. ಹುಟ್ಟಿದ ಹಬ್ಬಕ್ಕೆ ಬರೆಯುವುದು ಗೊತ್ತು, ಮದುವೆಯಾದ ದಿನಕ್ಕೆ ಬರೆಯುವುದು ಗೊತ್ತು. ಇಪ್ಪತ್ತೆರಡು ವರ್ಷ ವಾರ್ಡಿನ ನೆಲ ಒರೆಸಿ, ಬೆಡ್‌ಪ್ಯಾನ್ ತೊಳೆದು, ಈಗ ತಾನಾಗಿಯೇ ಕೆಲಸ ಬಿಟ್ಟು ಹೋಗುತ್ತಿರುವ ಆಯಾ ಒಬ್ಬಳಿಗೆ ಕೆನೆಯಲ್ಲಿ ಏನು ಬರೆಯುತ್ತಾರೆ? ‘ಹೋಗಿ ಬನ್ನಿ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಸ್ಪತ್ರೆಯಲ್ಲಿ ಆ ಮಾತನ್ನು ಯಾರಿಗೂ ಹೇಳುವ ಹಾಗಿಲ್ಲ. ಲೋಕದಲ್ಲೆಲ್ಲ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು; ಇಲ್ಲಿ ತಿರುಗಾಮುರುಗಾ. ಬಿಲ್ಲು ಕಟ್ಟಿ, ಮಾತ್ರೆಯ ಚೀಲ ಹಿಡಿದು ಹೊರಟವರಿಗೆ ‘ಬನ್ನಿ’ ಎಂದರೆ ಅದೇ ಶಾಪ. ಈ ನಿಯಮ ಮಾಡಿದವಳು ಯಾವ ಡಾಕ್ಟರೂ ಅಲ್ಲ, ಭೀಮಕ್ಕನೇ. ಡಿಸ್ಚಾರ್ಜ್ ಆದವರನ್ನು ಗೇಟಿನವರೆಗೆ ಕಳಿಸಿ, “ಹೋಗ್ರಿ, ತಿರುಗಿ ನೋಡಬ್ಯಾಡ್ರಿ” ಅನ್ನುತ್ತಿದ್ದಳು. ಮರೆತು ತಿರುಗಿದವರಿಗೆ ಅಲ್ಲಿಂದಲೇ ಗದರುತ್ತಿದ್ದಳು: “ಏನ್ ಬಿಟ್ಟೀರಿ ಇಲ್ಲಿ? ಮುಂದ್ ನೋಡ್ಕೊಂಡು ನಡೀರಿ.”

“ಹ್ಯಾಪಿ ಬರ್ತ್‌ಡೇ ಹಾಕ್ಲೇನ್ರಿ ಮೇಡಂ? ಅದು ನಂಗೆ ಕಣ್ಮುಚ್ಚಿ ಬರಿಯಾಕೆ ಬರುತ್ತೆ,” ಎಂದ ಬೇಕರಿಯವನು.

“ಬ್ಯಾಡಪ್ಪ. ಬರೀ ಭೀಮಕ್ಕ ಅಂತ ಹಾಕು. ಮೊಟ್ಟೆ ಇಲ್ಲದ್ದು.”

“ಬರೀ ಭೀಮಕ್ಕ. ಆತ್ರಿ.”

ಇದೆಲ್ಲ ದಾವಣಗೆರೆಯವರು ತಂದ ಶಾಸ್ತ್ರ. ತಿಪ್ಪೇಶಪ್ಪ ಡಾಕ್ಟರು ತಮಗೆ ವಯಸ್ಸಾಯಿತೆಂದು ಚನ್ನಗಿರಿಯ ಈ ನರ್ಸಿಂಗ್ ಹೋಮನ್ನು ಎರಡು ವರ್ಷದ ಹಿಂದೆ ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಮಾರಿದ್ದರು. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೂ ಅವರು ಇಂಥದೇ ಒಂದೊಂದನ್ನು ಕೊಂಡುಕೊಂಡು, ನಾಲ್ಕಕ್ಕೂ ಒಂದೇ ಬಣ್ಣದ ಬೋರ್ಡು, ಒಂದೇ ಬಣ್ಣದ ಸಮವಸ್ತ್ರ, ರಿಸೆಪ್ಶನ್ನಿನಲ್ಲಿ ಒಂದೇ ಅಳತೆಯ ನಗು ಇಟ್ಟಿದ್ದರು. ಅಲ್ಲಿ ಎಚ್.ಆರ್. ಎಂಬ ವಿಭಾಗದಲ್ಲಿ ಸಂಧ್ಯಾರಾಣಿ ಎಂಬ ಹುಡುಗಿಯಿದ್ದಾಳೆ. ಶಿವಲೀಲಾಳ ಅರ್ಧದಷ್ಟು ವಯಸ್ಸು, ಎರಡರಷ್ಟು ಉತ್ಸಾಹ. ಅವಳು ಕಳಿಸಿದ ಸುತ್ತೋಲೆಯಲ್ಲಿ ‘ಹೋಗುವವರನ್ನು ಗೌರವದಿಂದ ಬೀಳ್ಕೊಡೋಣ, ಹೋದವರೇ ನಮ್ಮ ರಾಯಭಾರಿಗಳು’ ಎಂದಿತ್ತು. ಅದರ ಕೆಳಗೆ ನಿರ್ಗಮನ ಸಂದರ್ಶನದ ನಮೂನೆ, ಕೇಕು, ಕೃತಜ್ಞತಾ ಪತ್ರ, ಫೋಟೊ. ಶಿವಲೀಲಾ ಅದನ್ನು ಮೊದಲ ಸಲ ಓದಿದಾಗ ನಕ್ಕಿದ್ದಳು. ಈ ಆಸ್ಪತ್ರೆಯಿಂದ ಯಾರನ್ನಾದರೂ ಗೌರವದಿಂದ ಕಳಿಸಿದ್ದುಂಟೆ? ಡಾಕ್ಟರ ಕಾಲದಲ್ಲಿ ಜನ ಹೋಗುತ್ತಿರಲಿಲ್ಲ, ಬರುವುದನ್ನು ನಿಲ್ಲಿಸುತ್ತಿದ್ದರು ಅಷ್ಟೆ. ಮೂರು ದಿನವಾದ ಮೇಲೆ ಡಾಕ್ಟರು “ಅವ್ಳು ಬಿಟ್ಲೇನು?” ಅನ್ನುತ್ತಿದ್ದರು. ಅವತ್ತಿನಿಂದ ಅವಳು ಕಳ್ಳಿ. ಆಸ್ಪತ್ರೆಯಲ್ಲಿ ಕಳೆದುಹೋದ ಕತ್ತರಿಗಳೆಲ್ಲ ಕೆಲಸ ಬಿಟ್ಟವರ ಮನೆಯಲ್ಲೇ ಇರುತ್ತವೆ. ಬಿಟ್ಟು ಆರು ತಿಂಗಳಾದ ನರ್ಸೊಬ್ಬಳು, ಆಮೇಲೆ ಕೊಂಡ ಕತ್ತರಿಯನ್ನೂ ಕದ್ದಿದ್ದಳು. ಶಿವಲೀಲಾಳೇ ಅದನ್ನು ರಿಜಿಸ್ಟರಿನಲ್ಲಿ ಬರೆದಿದ್ದಳು, ಕೈ ನಡುಗದೆ.

ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಾಲ್ಕು ಊರಿನ ಶಾಖೆಗಳಿಗೂ ಸೇರಿಸಿ ಒಬ್ಬ ನರ್ಸಿಂಗ್ ಮೇಲ್ವಿಚಾರಕಿಯನ್ನು ಮಾಡುತ್ತಾರಂತೆ. ಆ ಹುದ್ದೆಯ ಪಟ್ಟಿಯಲ್ಲಿ ಇರುವವರು ಇಬ್ಬರೇ: ಹೊನ್ನಾಳಿಯ ಉಷಾರಾಣಿ, ಮತ್ತು ತಾನು. ಊರಿಂದೂರಿಗೆ ಕರೆದೊಯ್ಯಲು ಕಾರು ಬರುತ್ತದೆ. ನಲವತ್ತೆಂಟು ವರ್ಷದ ಶಿವಲೀಲಾ ಆ ಕಾರಿನ ಹಿಂದಿನ ಸೀಟಿನಲ್ಲಿ ಎಡಗಡೆ ಕೂರಬೇಕೋ ಬಲಗಡೆಯೋ ಎಂಬುದನ್ನು ಕೂಡ ತೀರ್ಮಾನಿಸಿಟ್ಟುಕೊಂಡಿದ್ದಳು. “ನಿಮ್ಮ ಕೈಕೆಳಗಿನೋರು ಹೋಗುವಾಗ ಏನ್ ಹೇಳ್ತಾರೆ ಅನ್ನೋದು ತುಂಬಾ ಮುಖ್ಯ ಮೇಡಂ. ಆ ಫಾರಂ ನಮ್ಮ ಡೈರೆಕ್ಟರೇ ಓದ್ತಾರೆ,” ಎಂದು ಸಂಧ್ಯಾರಾಣಿ ಸಿಹಿಯಾಗಿ ಹೇಳಿದ್ದಳು. ನಮೂನೆಯಲ್ಲಿ ಹದಿನಾಲ್ಕು ಪ್ರಶ್ನೆ. ಹದಿಮೂರಕ್ಕೆ ಹೆದರಿಕೆಯಿಲ್ಲ. ಹನ್ನೊಂದನೆಯದನ್ನು ಶಿವಲೀಲಾ ನಾಲ್ಕು ದಿನದಿಂದ ಓದುತ್ತಿದ್ದಳು: ‘ಸೇವಾವಧಿಯಲ್ಲಿ ಮೇಲ್ವಿಚಾರಕರಿಂದ ನಿಮ್ಮ ಘನತೆಗೆ ಕುಂದುಂಟಾದ ಸಂದರ್ಭವಿದ್ದಲ್ಲಿ ವಿವರಿಸಿರಿ.’ ಅದರ ಕೆಳಗೆ ಆರು ಸಾಲು ಖಾಲಿ. ಬೇರೆ ಯಾವ ಪ್ರಶ್ನೆಗೂ ಎರಡು ಸಾಲಿಗಿಂತ ಹೆಚ್ಚು ಜಾಗವಿರಲಿಲ್ಲ. ಆರು ಸಾಲು ಸಾಕು. ಬಿಸಿನೀರಿನ ಚೀಲದ ಕತೆ ಅದರಲ್ಲಿ ಸಲೀಸಾಗಿ ಹಿಡಿಸುತ್ತದೆ.

ಅದು ಒಂಬತ್ತು ವರ್ಷದ ಹಿಂದಿನದು. ಸವಳಂಗದ ಕಡೆಯ ಮುದುಕಿ, ಸಕ್ಕರೆ ಕಾಯಿಲೆ, ಕಾಲಿನಲ್ಲಿ ಸ್ಪರ್ಶವೇ ಇಲ್ಲ. ಚಳಿ ಚಳಿ ಅನ್ನುತ್ತಿದ್ದಳು. ಬಿಸಿನೀರು ತುಂಬಿದ ಚೀಲವನ್ನು ಬಟ್ಟೆ ಸುತ್ತಿ ಇಡಬೇಕು, ಇಟ್ಟ ಮೇಲೆ ಕೈಯಿಟ್ಟು ನೋಡಬೇಕು; ಇದು ನರ್ಸಿಂಗಿನ ಮೊದಲ ತಿಂಗಳ ಪಾಠ. ಶಿವಲೀಲಾ ಬಟ್ಟೆ ಹುಡುಕಲು ತಿರುಗಿದಾಗ ಫೋನು ಬಂತು. ಅತ್ತಿಗೆಯದು, ಯಾವುದೋ ಸೀರೆಯ ಬಣ್ಣದ ವಿಚಾರ. ಬರಿಯ ಚೀಲವನ್ನು ಕಾಲಿನ ಬಳಿ ತಳ್ಳಿ ಹೊರಗೆ ಹೋದವಳು ಆ ಬಣ್ಣದಿಂದ ಹೊರಗೆ ಬರುವಷ್ಟರಲ್ಲಿ ಮುದುಕಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮುದುಕಿಗೆ ಗೊತ್ತೇ ಆಗಿರಲಿಲ್ಲ, ಗೊತ್ತಾದದ್ದು ಮಗನಿಗೆ. ಅವನು ವಾರ್ಡು ಹಾರಿಹೋಗುವಂತೆ ಕೂಗಿದ. ಡಾಕ್ಟರು ಬಂದು “ಯಾರು ಇಟ್ಟಿದ್ದು?” ಎಂದರು. ಅವರು ಕೇಳಿದ್ದು ಇಬ್ಬರನ್ನು. ಆದರೆ ನೀರು ಇಳಿಜಾರಿಗೇ ಹರಿಯುವ ಹಾಗೆ ಅವರ ಕಣ್ಣು ಭೀಮಕ್ಕನ ಕಡೆಗೇ ಹರಿಯಿತು. ಶಿವಲೀಲಾ ಬಾಯಿ ತೆರೆದಿದ್ದಳು; ಇದನ್ನು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ, ಬಾಯಿ ತೆರೆದಿದ್ದು ನಿಜ. ಮಾತು ಹೊರಡಲು ಅರ್ಧ ನಿಮಿಷ ಬೇಕಿತ್ತು, ಆ ಅರ್ಧ ನಿಮಿಷದಲ್ಲಿ ಭೀಮಕ್ಕ ಮುದುಕಿಯ ಇನ್ನೊಂದು ಕಾಲು ಹಿಡಿದು “ತಪ್ಪಾತು ಯವ್ವಾ” ಅಂದುಬಿಟ್ಟಿದ್ದಳು. ಮೂರು ದಿನ ಅವಳನ್ನು ವಾರ್ಡಿನೊಳಗೆ ಬಿಡಲಿಲ್ಲ. ಹೊರಗೆ ಜನರೇಟರಿನ ಶೆಡ್ಡಿನ ಪಕ್ಕ ಕೂತು ಹತ್ತಿ ಉಂಡೆ ಮಾಡುತ್ತಿದ್ದಳು. ಮೂರು ದಿನವೂ ಶಿವಲೀಲಾ ಆ ಕಡೆಯ ಕಿಟಕಿಯ ಪರದೆ ಎಳೆದಿದ್ದಳು, ಬಿಸಿಲು ಎಂಬ ನೆಪದಲ್ಲಿ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಮೊದಲು ನಾಚಿಕೆಯಿಂದ, ಆಮೇಲೆ ಅಭ್ಯಾಸದಿಂದ. ಎತ್ತದ ಮಾತಿಗೆ ಒಂಬತ್ತು ವರ್ಷ ತುಂಬಿದಾಗ ಅದಕ್ಕೆ ಕೂರಲು ಆರು ಸಾಲಿನ ಜಾಗ ದಾವಣಗೆರೆಯಿಂದಲೇ ಬಂದಿದೆ.

ಸಂದರ್ಶನಕ್ಕೆ ಕುರ್ಚಿ ಹಾಕಿಸಿದ್ದು ಬಟ್ಟೆ ಇಡುವ ಕೋಣೆಯಲ್ಲಿ, ಒಗೆದ ಬೆಡ್‌ಶೀಟುಗಳ ರಾಶಿಯ ನಡುವೆ. ಹೊಸ ಕುರ್ಚಿ ಎರಡು, ಎದುರುಬದುರು. ಭೀಮಕ್ಕ ಒಳಗೆ ಬಂದವಳು ಕುರ್ಚಿಯನ್ನು ನೋಡಿ, ಅದರ ಮೇಲೆ ಬೆಡ್‌ಶೀಟು ಇಡಬೇಕೇನೋ ಎಂದುಕೊಂಡು ಮಡಚಿಟ್ಟ ಒಂದನ್ನು ಕೈಗೆತ್ತಿಕೊಂಡಳು. “ಕೂತ್ಕೋ ಭೀಮಕ್ಕ,” ಅಂದ ಮೇಲೆ ತುದಿಯಲ್ಲಿ ಕೂತಳು. ಬೆಳಿಗ್ಗೆಯೇ ಎಣ್ಣೆ ಹಚ್ಚಿ ಬಾಚಿದ ತಲೆ, ಸಮವಸ್ತ್ರವಿಲ್ಲದೆ ಹಸಿರು ಸೀರೆ. ಇಷ್ಟು ವರ್ಷ ನೀಲಿಯಲ್ಲಿ ನೋಡಿದ ಹೆಂಗಸು ಹಸಿರಿನಲ್ಲಿ ಯಾರದೋ ಮನೆಯ ಯಜಮಾನಿಯಂತೆ ಕಂಡಳು. ಶಿವಲೀಲಾಳಿಗೆ ಅದು ಯಾಕೋ ಸರಿಬರಲಿಲ್ಲ. ಭೀಮಕ್ಕನಿಗೆ ಸಹಿ ಹಾಕಲು ಬರುತ್ತದೆ, ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದಲೂ ಬರುತ್ತದೆ, ಬರೆಯಲು ಬರುವುದಿಲ್ಲ. ಆದ್ದರಿಂದ ಅವಳು ಹೇಳಬೇಕು, ಶಿವಲೀಲಾ ಬರೆಯಬೇಕು. ದೂರು ಯಾರ ಮೇಲೆ ಬರಬಹುದೋ ಅವರೇ ಗುಮಾಸ್ತರು. ಹಾಗೆ ನೋಡಿದರೆ ಇದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಪೆನ್ನು ತನ್ನ ಕೈಯಲ್ಲೇ ಇತ್ತು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿರಲಿಲ್ಲ. ಅವತ್ತು ಸೋಮವಾರ, ಶಿವಲೀಲಾಳ ಒಪ್ಪತ್ತು. ಸಂಜೆ ಪೂಜೆ ಮುಗಿಯುವವರೆಗೆ ಟೀ ಕೂಡ ಮುಟ್ಟುವುದಿಲ್ಲವೆಂಬುದು ಇಡೀ ಆಸ್ಪತ್ರೆಗೆ ಗೊತ್ತು. ಗೊತ್ತಿರಲಿ ಎಂದು ಅವಳೂ ವಾರಕ್ಕೊಮ್ಮೆ ಯಾರಿಗಾದರೂ ಹೇಳುತ್ತಿದ್ದಳು.

“ನೀವು ಈ ಸಂಸ್ಥೆಯನ್ನು ತೊರೆಯಲು ಪ್ರಮುಖ ಕಾರಣವೇನು?” ಎಂದು ಓದಿದಳು.

ಭೀಮಕ್ಕ ತಿರುಗಿ ತನ್ನ ಹಿಂದೆ ನೋಡಿದಳು. ಬೆಡ್‌ಶೀಟುಗಳ ಹೊರತು ಯಾರೂ ಇರಲಿಲ್ಲ. “ಯಾರಿಗ್ರಿ ಕೇಳ್ತಿರೋದು?”

“ನಿನಗೇ.”

“ನೀವು ಅಂದ್ರಲ್ಲ, ಅದುಕ್ಕೆ.”

ಇಪ್ಪತ್ತೆರಡು ವರ್ಷದಲ್ಲಿ ತನಗಿಂತ ಏಳು ವರ್ಷ ದೊಡ್ಡವಳಾದ ಈ ಹೆಂಗಸಿಗೆ ಒಮ್ಮೆಯೂ ‘ನೀವು’ ಅಂದಿರಲಿಲ್ಲ ಎಂಬುದು ಶಿವಲೀಲಾಳಿಗೆ ಆಗ ಹೊಳೆಯಿತು. ಅದೂ ಒಂದು ಅಪರಾಧವೇ ಎಂದು ಮನಸ್ಸು ಕೇಳಿತು. ಪಟ್ಟಿ ಉದ್ದವಾಗುವುದು ಬೇಡವೆಂದು ಅವಳು ಪ್ರಶ್ನೆಯನ್ನು ಮತ್ತೆ ಓದಿದಳು.

“ಗೊತ್ತೈತಲ್ರಿ ನಿಮಗೆ. ಜಗಳೂರಾಗೆ ಮಗಳು ಪವಿತ್ರ, ಅಳಿಯ ಖಾನಾವಳಿ ಇಟ್ಟಾರೆ. ಮಧ್ಯಾಹ್ನ ನೂರು ಊಟ ಹೋಗುತ್ತೆ. ರೊಟ್ಟಿಗೆ ಕೈ ಸಾಲ್ತಿಲ್ಲ, ಬಾರವ್ವಾ ಅಂದ್ಳು. ನಿಮ್ಮ ಜಗಳೂರು ಬ್ರಾಂಚಿನ ಡಾಕ್ಟ್ರು, ನರ್ಸು ಎಲ್ಲ ಅಲ್ಲೇ ಉಣ್ಣಾಕೆ ಬರ್ತಾರಂತೆ.”

ಶಿವಲೀಲಾ ‘ಕೌಟುಂಬಿಕ ಕಾರಣ’ ಎಂದು ಬರೆದಳು. “ನಮ್ಮ ಸಂಸ್ಥೆಯನ್ನು ನಿಮ್ಮ ಬಂಧುಮಿತ್ರರಿಗೆ ಶಿಫಾರಸು ಮಾಡುವಿರಾ?”

“ಆಸ್ಪತ್ರಿಗೆ ಬರ್ರಿ ಅಂತ ನೆಂಟ್ರನ್ನ ಯಾರಾದ್ರೂ ಕರೀತಾರೇನ್ರಿ? ಯಾವ ಊರಿನೋರು ಇದನ್ನ ಬರ್ದೋರು?”

‘ಹೌದು’ ಎಂದು ಬರೆದಳು. ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದಕ್ಕೆ ಭೀಮಕ್ಕ, ಬೇರೆಯವರು ಎಷ್ಟು ಕೊಟ್ಟಾರೆ ಎಂದು ವಿಚಾರಿಸಿ, ನಾಲ್ಕು ಎಂದು ತಿಳಿದ ಮೇಲೆ, “ಹಂಗಾದ್ರೆ ನಂದೂ ನಾಕೇ ಇರ್ಲಿ, ಅವ್ರಿಗೆ ಬ್ಯಾಸರ ಆಗಬಾರ್ದು” ಎಂದಳು. ಹೀಗೆ ನಗುತ್ತ, ಸಲೀಸಾಗಿ, ಗಾಡಿ ಇಳಿಜಾರಿನಲ್ಲಿ ಹೋಗುವಂತೆ ಪ್ರಶ್ನೆಗಳು ಮುಗಿಯುತ್ತಿದ್ದವು. ಹನ್ನೊಂದನೆಯದು ಬಂದಾಗ ಅದನ್ನು ದಾಟಿ ಹನ್ನೆರಡಕ್ಕೆ ಹೋಗಿಬಿಡಬಹುದಲ್ಲ ಎನ್ನಿಸಿತು. ಭೀಮಕ್ಕನಿಗೆ ಗೊತ್ತಾಗುವುದಿಲ್ಲ. ಆದರೆ ಭೀಮಕ್ಕ ಬೆರಳಿನಲ್ಲಿ ಎಣಿಸುತ್ತಿದ್ದಳು. ಹತ್ತು ಮುಗಿದು ಎರಡನೆಯ ಸುತ್ತಿಗೆ ಕಿರುಬೆರಳನ್ನು ಮಡಚಿ ಕಾದಿದ್ದಳು. ಶಿವಲೀಲಾ ಓದಿದಳು, ನಡುವೆ ಉಸಿರು ತೆಗೆದುಕೊಳ್ಳದೆ.

“ಗಣತಿಯೋರು ಆಗ್ಲೇ ಬಂದು ಹೋದ್ರಲ್ರಿ.”

“ಗಣತಿ ಅಲ್ಲ, ಘನತೆ. ಘನತೆ ಅಂದ್ರೆ...” ಬೇರೆ ಪದ ಹುಡುಕಿದಳು. “ಮರ್ಯಾದೆ. ನನ್ನಿಂದ ಯಾವತ್ತಾದ್ರೂ ನಿನ್ನ ಮರ್ಯಾದೆಗೆ ಕಮ್ಮಿ ಆಗೈತಾ ಅಂತ.”

ಹೊರಗೆ ಯಾವುದೋ ಕೂಸು ಅಳುತ್ತಿತ್ತು. ಅದು ಹಸಿವಿನ ಅಳು, ನೋವಿನದಲ್ಲ, ಎಂದು ಇಬ್ಬರ ಕಿವಿಯೂ ಒಟ್ಟಿಗೇ ತೀರ್ಮಾನಿಸಿತು. ಶಿವಲೀಲಾಳಿಗೆ ಒಂದು ವಿಚಿತ್ರ ಆಸೆ ಹುಟ್ಟಿತು: ಹೇಳಿಬಿಡಲಿ. ಆ ಚೀಲವನ್ನು ಇಟ್ಟದ್ದು ನೀವು ಎಂದು ಒಮ್ಮೆ ಅಂದುಬಿಡಲಿ. ತಾನು ಅಳುತ್ತೇನೆ, ಭೀಮಕ್ಕ “ಇರ್ಲಿ ಬಿಡ್ರಿ” ಅನ್ನುತ್ತಾಳೆ, ಆಮೇಲೆ ಆರು ಸಾಲಿನಲ್ಲಿ ‘ಇಲ್ಲ’ ಎಂದು ಬರೆದು ಸಂಜೆ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಬಹುದು. ಅಳುವುದಕ್ಕೆ ಕಣ್ಣು ಆಗಲೇ ಸಿದ್ಧವಾಗಿತ್ತು.

“ನೀರಿನ ಚೀಲದ್ದು ಬ್ಯಾಡ ಬಿಡ್ರಿ,” ಎಂದಳು ಭೀಮಕ್ಕ, ನಮೂನೆಯ ಕಡೆ ನೋಡುತ್ತ. “ಅದು ಕೆಲ್ಸದಾಗಿಂದು. ಕೆಲ್ಸ ಅಂದಮ್ಯಾಲೆ ಒಬ್ರುದು ಒಬ್ರು ಹೊರ್ತಾರೆ. ನಿಮ್ಮ ನೌಕ್ರಿ ಹೋಗ್ತಿತ್ತು, ನಂದು ಹೋಗಲ್ಲ ಅಂತ ಗೊತ್ತಿತ್ತು. ಬೆಡ್‌ಪ್ಯಾನ್ ತೊಳಿಯೋರು ಎಲ್ಲಿ ಸಿಗ್ತಾರೆ ಡಾಕ್ಟ್ರಿಗೆ?” ಸ್ವಲ್ಪ ನಕ್ಕಳು. “ಅದು ಬ್ಯಾಡ. ಪವಿತ್ರನ ಮದುವಿದು ಬರ್ಕೊಳ್ರಿ.”

ಮದುವೆ? ಶಿವಲೀಲಾ ನೆನಪಿನಲ್ಲಿ ನಿಜವಾಗಿಯೂ ಹುಡುಕಿದಳು. ಮದುವೆಗೆ ತಾನು ಹೋಗಿದ್ದೆನಲ್ಲ. ಆಸ್ಪತ್ರೆಯಿಂದ ಹೋದವಳು ತಾನೊಬ್ಬಳೇ. ಮಿಕ್ಕವರೆಲ್ಲ ಡ್ಯೂಟಿ ಎಂದು ಜಾರಿಕೊಂಡಿದ್ದರು. ಸೂಳೆಕೆರೆಯ ಏರಿ ದಾಟಿ, ಬಸ್ಸಿಳಿದು, ಒಂದು ಮೈಲಿ ನಡೆದು, ಭೀಮಕ್ಕನ ಕೇರಿಯ ಮುಂದೆ ಹಾಕಿದ ಶಾಮಿಯಾನದಲ್ಲಿ ಕೂತಿದ್ದಳು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಸ್ಟೀಲಿನ ಡಬ್ಬಿಗಳ ಜೋಡಿ ಉಡುಗೊರೆ, ಹುಡುಗಿಯ ತಲೆಯ ಮೇಲೆ ಅಕ್ಕಿಕಾಳು, ಫೋಟೊ. ಅದನ್ನು ಶಿವಲೀಲಾ ತನ್ನ ಒಳ್ಳೆಯತನದ ಖಾತೆಯಲ್ಲಿ ಇಟ್ಟುಕೊಂಡಿದ್ದಳು. ಯಾರಾದರೂ ಜಾತಿಯ ಮಾತೆತ್ತಿದಾಗಲೆಲ್ಲ “ನಾನು ಭೀಮಕ್ಕನ ಮಗಳ ಮದುವಿಗೆ ಹೋಗಿದ್ದೆ” ಎಂದು ತೆಗೆದು ತೋರಿಸುತ್ತಿದ್ದಳು.

“ಊಟಕ್ಕೆ ಏಳ್ರಿ ಅಂದೆ,” ಎಂದಳು ಭೀಮಕ್ಕ. “ಇವತ್ತು ಸೋಮವಾರ ಭೀಮಕ್ಕ, ನಂದು ಒಪ್ಪತ್ತು ಅಂದ್ರಿ. ಎಳನೀರು ಕುಡುದ್ರಿ.”

“ಹೌದು, ಒಪ್ಪತ್ತು...”

“ಅವತ್ತು ಭಾನುವಾರ ಇತ್ರಿ ಸಿಸ್ಟ್ರೇ.”

ಮದುವೆ ಭಾನುವಾರವೇ ಇದ್ದಿರಬೇಕು. ಮದುವೆಗಳು ಭಾನುವಾರವೇ ಇರುತ್ತವೆ. ಶಿವಲೀಲಾಳಿಗೆ ಆ ಶಾಮಿಯಾನ ಈಗ ಇನ್ನೊಂದು ಕಡೆಯಿಂದ ಕಾಣಿಸಿತು: ಬಾಳೆಲೆ ಹಾಸಿದ ಸಾಲು, ನೀರು ಚಿಮುಕಿಸುತ್ತ ಹೋದ ಹೆಣ್ಣುಮಗಳು, ಮತ್ತು ತನ್ನ ಬಾಯಿ. ಯೋಚಿಸಿ ಆಡಿದ ಸುಳ್ಳಾಗಿದ್ದರೆ ವಾರವನ್ನಾದರೂ ನೋಡಿಕೊಳ್ಳುತ್ತಿದ್ದಳು. ಯೋಚಿಸಿರಲಿಲ್ಲ. ನಾಲಿಗೆ ತಾನಾಗಿ ಹೇಳಿತ್ತು, ಬಿಸಿ ತಾಕಿದ ಕೈ ತಾನಾಗಿ ಹಿಂದೆ ಸರಿಯುವ ಹಾಗೆ. ಇಪ್ಪತ್ತು ವರ್ಷ ನಿಷ್ಠೆಯಿಂದ ಹಿಡಿದ ಸೋಮವಾರಗಳಲ್ಲಿ ಒಂದನ್ನು ಎತ್ತಿ ತಂದು ಭಾನುವಾರದ ಮೇಲೆ ಮುಚ್ಚಿತ್ತು. ತಾನು ಅಂಥವಳಲ್ಲ. ಯಾವ ಕೇರಿಯ ರಕ್ತ, ಯಾವ ಕೇರಿಯ ಹೇಲು ಎಂದು ಕೇಳದೆ ಇಷ್ಟು ವರ್ಷ ಬಳಿದವಳು. ಬಳಿಯುವ ಕೈ ಒಂದು, ಉಣ್ಣುವ ಬಾಯಿ ಇನ್ನೊಂದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದ ಅಗತ್ಯವೇ ಬಂದಿರಲಿಲ್ಲ.

“ಅಡುಗಿ ನಾವು ಮಾಡಿದ್ದೂ ಅಲ್ರಿ,” ಭೀಮಕ್ಕ ಈಗ ಬೆಡ್‌ಶೀಟಿನ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು. “ಆಸ್ಪತ್ರಿಯೋರು ಬರ್ತಾರೆ ಅಂತ ಬಸವಾಪಟ್ಣದಿಂದ ನಿಮ್ಮೋರನ್ನೇ, ಸ್ವಾಮಿಗಳ ಮನಿಯೋರನ್ನ ಕರೆಸಿದ್ದೆ. ಹೇಳಾಣ ಅಂತ ಬಾಯಿಗೆ ಬಂದಿತ್ತು. ಹೇಳಿದ್ರೆ, ನೀವು ಅಂಥೋರು ಅಂತ ನಾನೇ ಅಂದಂಗೆ ಆಗ್ತಿತ್ತಲ್ಲ. ಸುಮ್ನಾದೆ. ಸಂಜಿಗೆ ನಮ್ಮ ರಂಗನಾಥ, ನನ್ನ ತಮ್ಮ, ಚನ್ನಗಿರಿ ಬಸ್ ಸ್ಟ್ಯಾಂಡ್ ಹೋಟೆಲ್ನಾಗೆ ನಿಮ್ಮನ್ನ ಕಂಡಿದ್ನಂತೆ. ಮಸಾಲೆ ದೋಸಿ ತಿಂತಿದ್ರು ಕಣಕ್ಕಾ ಅಂದ. ನಾನೇ ಅವ್ನಿಗೆ ಬೈದೆ. ಹಸಿದಿದ್ರು ಪಾಪ, ತಿನ್ಲಿ ಬಿಡಲೇ ಅಂತ.”

ದೋಸೆ ಕೂಡ ನೆನಪಾಯಿತು. ಗರಿಗರಿಯಾಗಿತ್ತು. ಇನ್ನೊಂದು ಹೇಳಲೇ ಎಂದು ಯೋಚಿಸಿದ್ದಳು.

ಶಿವಲೀಲಾ ಪೆನ್ನು ಹಿಡಿದು ಆರು ಸಾಲನ್ನು ನೋಡಿದಳು. ನೀರಿನ ಚೀಲಕ್ಕೆ ಸಿದ್ಧಮಾಡಿಟ್ಟ ಕಣ್ಣೀರು ಇದಕ್ಕೆ ಹೊಂದಲಿಲ್ಲ; ಒಣಗಿಹೋಯಿತು. ಭಾನುವಾರವನ್ನು ಸೋಮವಾರ ಅಂದದ್ದನ್ನು ಡೈರೆಕ್ಟರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಗೆ ಬರೆಯುತ್ತಾರೆ? ಅವಳು ಬಹಳ ಹೊತ್ತು ಯೋಚಿಸಿ, ದುಂಡನೆಯ ಅಕ್ಷರದಲ್ಲಿ, ‘ಊಟದ ವಿಷಯದಲ್ಲಿ ಸಣ್ಣ ಅಸಮಾಧಾನ’ ಎಂದು ಬರೆದಳು.

“ಬರ್ಕೊಂಡ್ರಾ?”

“ಬರ್ಕೊಂಡೆ.”

“ಓದಬ್ಯಾಡ್ರಿ, ಇರ್ಲಿ,” ಎಂದು ಭೀಮಕ್ಕ ಪೆನ್ನು ತೆಗೆದುಕೊಂಡು, ಕೇಳದಿದ್ದ ಜಾಗದಲ್ಲೂ ಸೇರಿಸಿ ಎರಡು ಕಡೆ ಸಹಿ ಹಾಕಿದಳು.

ನಮೂನೆಯ ಫೋಟೊ ದಾವಣಗೆರೆಗೆ ಹೋದ ಅರ್ಧ ಗಂಟೆಯಲ್ಲಿ ಸಂಧ್ಯಾರಾಣಿಯ ದನಿ ಧ್ವನಿಸಂದೇಶವಾಗಿ ಫೋನಿನಿಂದ ಚಿಮ್ಮಿತು. ಬಹಳ ಒಳ್ಳೆಯ ಸಲಹೆ ಮೇಡಂ, ಇಷ್ಟು ಪ್ರಾಮಾಣಿಕವಾಗಿ ಯಾರೂ ತುಂಬಿಸಿಲ್ಲ, ಹೊನ್ನಾಳಿಯಿಂದ ಬಂದದ್ದರಲ್ಲಿ ಎಲ್ಲ ‘ಇಲ್ಲ’, ‘ಇಲ್ಲ’. ನಾಲ್ಕು ಶಾಖೆಯಲ್ಲೂ ಸಿಬ್ಬಂದಿಗೆ ಕ್ಯಾಂಟೀನ್ ಮಾಡುವ ಬಗ್ಗೆ ಡೈರೆಕ್ಟರು ಯೋಚಿಸುತ್ತಿದ್ದಾರೆ. ಕಾರು ಒಂದು ಹೆಜ್ಜೆ ಹತ್ತಿರ ಬಂದು ನಿಂತಿತು. ಶಿವಲೀಲಾ ಆ ಸಂದೇಶವನ್ನು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳುವಾಗ ತನ್ನ ಮುಖ ಕನ್ನಡಿಯಲ್ಲಿ ಕಂಡು ಫೋನು ಮಗುಚಿಟ್ಟಳು.

ಮಧ್ಯಾಹ್ನ ಮೂರಕ್ಕೆ ರಿಸೆಪ್ಶನ್ನಿನಲ್ಲಿ ಎಲ್ಲರೂ ಸೇರಿದರು. ಕೇಕಿನ ಡಬ್ಬಿ ತೆರೆದಾಗ ಮೊದಲು ಕಿಸಕ್ಕೆಂದವಳು ಫಾರ್ಮಸಿಯ ಹುಡುಗಿ. ಬಿಳಿಯ ಕೆನೆಯ ಮೇಲೆ ಕೆಂಪು ಅಕ್ಷರದಲ್ಲಿ, ಸುತ್ತ ನಾಲ್ಕು ಗುಲಾಬಿಯ ನಡುವೆ, ‘ಬರೀ ಭೀಮಕ್ಕ’ ಎಂದಿತ್ತು. ಬೇಕರಿಯವನು ಒಂದಕ್ಷರ ಬಿಟ್ಟಿರಲಿಲ್ಲ. ಶಿವಲೀಲಾಳ ಕಿವಿ ಸುಟ್ಟುಹೋಯಿತು. ಚಾಕುವಿನಿಂದ ‘ಬರೀ’ಯನ್ನು ಕೆರೆದು ತೆಗೆಯಬಹುದೆ ಎಂದು ನೋಡುವಷ್ಟರಲ್ಲಿ ಭೀಮಕ್ಕ ಬಗ್ಗಿ, ಅಕ್ಷರದ ಮೇಲೆ ಬೆರಳು ತೋರುತ್ತ, “ಬ, ರೀ. ಭೀ, ಮ, ಕ್ಕ,” ಎಂದು ಓದಿಯಾಗಿತ್ತು.

“ಸರ್ಯಾಗೇ ಬರ್ದಾನೆ,” ಎಂದಳು. “ಹಿಂದಿಲ್ಲ ಮುಂದಿಲ್ಲ. ಬರೀ ಭೀಮಕ್ಕ.”

ಎಲ್ಲರೂ ಜೋರಾಗಿ ನಕ್ಕರು, ನಗಲು ಅಪ್ಪಣೆ ಸಿಕ್ಕವರ ಹಾಗೆ. ಮ್ಯಾನೇಜರ್ ವಿನಯ್ ಕುಮಾರ್ ಶಾಲು ಹೊದಿಸಿ, ಕೃತಜ್ಞತಾ ಪತ್ರ ಓದಿದ. ಅದರಲ್ಲಿ ಭೀಮಕ್ಕ ‘ಸಂಸ್ಥೆಯ ಬೆನ್ನೆಲುಬು’ ಆಗಿದ್ದಳು. ಡಿಸ್ಕ್ ಜಾರಿ ಅವಳು ನಿಜವಾಗಿಯೂ ಬೆನ್ನು ಹಿಡಿದುಕೊಂಡು ಕೂತಿದ್ದ ಎರಡು ತಿಂಗಳು ರಜೆ ಕೊಡದೆ ಸತಾಯಿಸಿದವನೂ ಅವನೇ. ಆಮೇಲೆ ಕೇಕು ಕತ್ತರಿಸಿದ್ದಾಯಿತು. ಶಿವಲೀಲಾ ತಟ್ಟೆ ಹಂಚುವ ನೆಪದಲ್ಲಿ ಹಿಂದೆ ಸರಿಯುತ್ತಿದ್ದಳು. ಆರು ತಿಂಗಳ ಹಿಂದೆ ದಾವಣಗೆರೆಯಿಂದ ಬಂದ ವಿನಯ್ ಕುಮಾರನಿಗೆ ಯಾರ ವಾರ ಯಾವುದೆಂದು ಗೊತ್ತಿರಲಿಲ್ಲ. ಅವನು ಫೋನನ್ನು ಅಡ್ಡ ಹಿಡಿದು, “ಮೊದಲನೇ ಪೀಸು ಸಿಸ್ಟರಿಗೆ ತಿನ್ನಿಸಿ. ಬನ್ನಿ ಸಿಸ್ಟರ್, ಇದೇ ಫೋಟೊ ದಾವಣಗೆರೆಗೆ ಹೋಗ್ಬೇಕು,” ಎಂದ.

ನಗು ಒಮ್ಮೆಲೇ ನಿಂತಿತು. ಮಿಕ್ಕವರಿಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ; ಹೇಳಬೇಕಾದವಳು ಅವಳೇ ಎಂದು ಎಲ್ಲರೂ ಅವಳ ಬಾಯಿಯನ್ನು ನೋಡಿದರು. ಭೀಮಕ್ಕ ತುಂಡನ್ನು ಎತ್ತಿ ಹಿಡಿದಿದ್ದಳು. ‘ಭೀ’ ಇದ್ದ ತುಂಡು. ಇವತ್ತು ಸೋಮವಾರ, ನಂದು ಒಪ್ಪತ್ತು. ಈ ಮಾತು ಇವತ್ತು ನಿಜ. ಲೋಕದ ಎಲ್ಲ ಕ್ಯಾಲೆಂಡರುಗಳೂ ತನ್ನ ಪರ ಸಾಕ್ಷಿ ಹೇಳುತ್ತವೆ. ಆದರೆ ಈ ಕೈಯ ಎದುರಿಗೆ ಆ ಮಾತು ಹಿಂದೊಮ್ಮೆ ಚಲಾವಣೆಯಾಗಿ ಹೋದ ನಾಣ್ಯ. ಶಿವಲೀಲಾ ಶಿವನನ್ನು ನೆನೆದು ಕಣ್ಣು ಅರ್ಧ ಮುಚ್ಚಿ ಬಾಯಿ ತೆರೆದಳು.

“ಇನ್ನೂ ಸ್ವಲ್ಪ ಸಿಸ್ಟರ್,” ಎಂದ ವಿನಯ್ ಕುಮಾರ್.

ಇನ್ನೂ ಸ್ವಲ್ಪ ತೆರೆದಳು. ಕೆನೆಯ ವಾಸನೆ ಮೂಗಿನವರೆಗೆ ಬಂದು, ಅಲ್ಲಿಂದ ಹಿಂದಕ್ಕೆ ಹೋಯಿತು.

“ಇವತ್ತು ದಿಟವಾಗ್ಲೂ ಸೋಮವಾರ ಐತ್ರಿ,” ಎಂದಳು ಭೀಮಕ್ಕ, ಸಣ್ಣ ದನಿಯಲ್ಲಿ, ಅವಳಿಗೊಬ್ಬಳಿಗೇ ಕೇಳುವಂತೆ. “ನಿಮ್ಮ ನೇಮ ನಾನ್ಯಾಕೆ ಕೆಡಿಸ್ಲಿ?” ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಶಿವಲೀಲಾಳ ಕೈಗೆ ಕೊಟ್ಟಳು. “ಸಂಜಿಗೆ ಪೂಜಿ ಆದಮ್ಯಾಲೆ ತಿನ್ರಿ. ಜಗಳೂರಿಗೆ ಬಂದ್ರೆ ಊಟಕ್ಕೆ ಬರ್ರಿ. ಸೋಮವಾರ ಬಿಟ್ಟು.”

ಫೋಟೊ ಅಷ್ಟರಲ್ಲಿ ಆಗಿಹೋಗಿತ್ತು. ವಿನಯ್ ಕುಮಾರ್ ಅದನ್ನು ತೋರಿಸಿದ: ಒಂದು ಕಡೆ ಶಾಲು ಹೊದ್ದ ಭೀಮಕ್ಕ, ಕೈ ಹಿಂದೆ ತೆಗೆಯುತ್ತಿರುವವಳು; ಇನ್ನೊಂದು ಕಡೆ, ಯಾರೂ ಏನೂ ಕೊಡದಿದ್ದರೂ, ಕಣ್ಣು ಮುಚ್ಚಿ ಬಾಯಿ ತೆರೆದು ನಿಂತ ಶಿವಲೀಲಾ. “ನ್ಯಾಚುರಲ್ಲಾಗಿ ಬಂದೈತೆ,” ಎಂದು ಅವನು ಕಳಿಸಿಯೇಬಿಟ್ಟ.

ಭೀಮಕ್ಕ ಒಬ್ಬೊಬ್ಬರಿಗೂ ಕೈಮುಗಿದು, ಒಂದು ಬಟ್ಟೆಚೀಲ, ಚೌಕಟ್ಟು ಹಾಕಿದ ಕೃತಜ್ಞತಾ ಪತ್ರ ಹಿಡಿದು ಮೆಟ್ಟಿಲಿಳಿದಳು. ಶಿವಲೀಲಾ ಮುಚ್ಚಿದ ತಟ್ಟೆ ಹಿಡಿದು ಡ್ಯೂಟಿ ರೂಮಿನಲ್ಲಿ ನಿಂತಿದ್ದಳು. ಸಂಜೆ ತಿನ್ನಬಹುದು. ಮನೆಯಲ್ಲಿ, ಪೂಜೆಯಾದ ಮೇಲೆ, ದೇವರ ಮುಂದೆಯೇ ಬೇಕಾದರೂ ತಿನ್ನಬಹುದು. ತಿಂದರೆ ಯಾರು ನೋಡಿದ ಹಾಗಾಯಿತು? ತಿಂದೆ ಎಂದು ಭೀಮಕ್ಕನಿಗೆ ಫೋನು ಮಾಡಿ ಹೇಳಬೇಕೆ? ಹೇಳಿದರೆ ಅವಳು “ಹೂಂನ್ರಿ” ಅನ್ನುತ್ತಾಳೆ, ಸೋಮವಾರ ಅಂದಾಗ ಅಂದ ಹಾಗೆಯೇ. ಕಾಣುವಂತೆ ತಿನ್ನಬೇಕು. ಈಗ, ಒಪ್ಪತ್ತು ಇರುವಾಗಲೇ, ಅವಳು ನೋಡುವಂತೆ. ಶಿವಲೀಲಾ ಚಪ್ಪಲಿ ಸಿಕ್ಕಿಸಿಕೊಂಡು ಹೊರಟಳು. ನಡೆದಳು, ಆಮೇಲೆ ನಡೆಯುವ ಹಾಗೆ ಓಡಿದಳು. ಈ ಆಸ್ಪತ್ರೆಯಲ್ಲಿ ಅವಳು ಓಡಿದ್ದು ರಕ್ತಸ್ರಾವಕ್ಕೆ ಮಾತ್ರ. ಎದುರಿಗೆ ಬಂದ ನರ್ಸು ಗಾಬರಿಯಾಗಿ ಗೋಡೆಗೆ ಸರಿದಳು.

ಗೇಟಿನಲ್ಲಿ ವಾಚ್‌ಮನ್ ಗಿಡ್ಡಪ್ಪ ಭೀಮಕ್ಕನನ್ನು ಅದೇ ಈಗ ಕಳಿಸಿಕೊಡುತ್ತಿದ್ದ. “ಹೋಗ್ರಿ, ತಿರುಗಿ ನೋಡಬ್ಯಾಡ್ರಿ,” ಎಂದು ಅವಳದೇ ದನಿ ಮಾಡಿ ಹೇಳಿದ. “ನಂಗೇ ಹೇಳ್ತೀಯೇನಲೇ,” ಎಂದು ಅವಳು ನಗುತ್ತ ರಸ್ತೆಗಿಳಿದಳು. ಬಸ್ ಸ್ಟ್ಯಾಂಡಿನ ಕಡೆಗೆ ರಸ್ತೆ ನೆಟ್ಟಗಿತ್ತು. ಶಿವಲೀಲಾ ಗೇಟು ಮುಟ್ಟುವಷ್ಟರಲ್ಲಿ ಬಿಸಿಲಿನಲ್ಲಿ ಹಸಿರು ಸೀರೆ ಇಪ್ಪತ್ತು ಮಾರು ದೂರವಿತ್ತು, ಮೂವತ್ತು ಮಾರು. ಅವಳು ಮೇಲೆ ಮುಚ್ಚಿದ್ದ ತಟ್ಟೆ ತೆಗೆದು, ಕೇಕಿನ ತುಂಡನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಇಪ್ಪತ್ತು ವರ್ಷದ ಸೋಮವಾರಗಳು ಕೆನೆಯಲ್ಲಿ ಒಂದಾಗಿ ಗಂಟಲಿಗೆ ಅಂಟಿಕೊಂಡವು. ಈಗ ಭೀಮಕ್ಕ ತಿರುಗಬೇಕು. ಒಂದೇ ಸಲ. ‘ಭೀಮಕ್ಕಾ’ ಎಂದು ತಾನು ಕೂಗಬೇಕು. ಬಾಯಿ ತುಂಬಿತ್ತು, ಕೂಗು ಹೊರಡಲಿಲ್ಲ. ಖಾಲಿ ತಟ್ಟೆಯನ್ನು ಮೇಲೆತ್ತಿ ಆಡಿಸಿದಳು. ಹಸಿರು ಸೀರೆ ಹಾಲಿನ ಡೈರಿ ದಾಟಿತು, ಜೆರಾಕ್ಸ್ ಅಂಗಡಿ ದಾಟಿತು. ಸಾವಿರಾರು ಜನಕ್ಕೆ ಹೇಳಿದ್ದನ್ನು ಭೀಮಕ್ಕ ತಾನೂ ಪಾಲಿಸುವವಳು. ನೆಟ್ಟಗೆ ಮುಂದೆ ನೋಡಿಕೊಂಡು, ಅವಸರವಿಲ್ಲದೆ, ತಿರುವಿನಲ್ಲಿ ಮರೆಯಾದಳು.

ಗಿಡ್ಡಪ್ಪ ಶಿವಲೀಲಾಳ ಕೆನ್ನೆಗೆ ಮೆತ್ತಿದ ಕೆನೆಯನ್ನೂ, ಖಾಲಿ ತಟ್ಟೆಯನ್ನೂ ನೋಡಿದ.

“ಸಿಸ್ಟ್ರೇ, ಇವತ್ತು ಸೋಮವಾರ ಅಲ್ಲೇನ್ರಿ?”

ಬಾಯಿ ತುಂಬ ಕೇಕಿತ್ತು. ಶಿವಲೀಲಾ ಅಲ್ಲವೆಂದು ತಲೆಯಾಡಿಸಿದಳು.